ಬಾಸುಂದಿಯಲ್ಲಿ ಯಾರೂ ವಿಷ ಹಾಕಿರಲಿಲ್ಲ

ಇಂಡಿ ಕಡೆಯ ಹಳ್ಳಿ, ಜಾವಳದ ಊಟ. ಉಂಡವರು ನೂರೈವತ್ತರ ಮೇಲೆ, ವಾಂತಿ ಮಾಡಿಕೊಂಡವರು ಅರವತ್ತರ ಆಸುಪಾಸು. ನಾನು ಹೋಗುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು: ಹೊಲದ ವ್ಯಾಜ್ಯ, ಊಟ ಹಾಕಿಸಿದವನ ತಮ್ಮನೇ ಎಣ್ಣಿ (ಕೀಟನಾಶಕ) ಹಾಕ್ಯಾನ. 2018ರಲ್ಲಿ ಸುಳ್ವಾಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿ 17 ಜನ ಸತ್ತದ್ದು ಎಲ್ಲರ ತಲೆಯಲ್ಲಿತ್ತು.

ನಾನು ಮೊದಲು ಕಣ್ಣು ನೋಡಿದೆ. ಪಾಪೆ ಸೂಜಿಮೊನೆಯಷ್ಟಾಗಿಲ್ಲ, ಜೊಲ್ಲಿಲ್ಲ, ಬೆವರಿಲ್ಲ: ಕೀಟನಾಶಕದ ಗುರುತು ಒಂದೂ ಇಲ್ಲ. ಯಾರು ಏನು ಉಂಡರೆಂದು ಬರೆದುಕೊಳ್ಳಲು ಹಾಳಿ ತೆಗೆದೆ. "ಪೆನ್ನು ಹಿಡ್ಕೊಂಡು ವಿಷ ಹುಡಕ್ತೀರೇನ್ರಿ ಡಾಕ್ಟರ?" ಎಂದು ಮೇಲಿನವರೊಬ್ಬರು ನಕ್ಕರು. ನಗಲಿ. ಹಿಂದೊಮ್ಮೆ ಹಾಸ್ಟೆಲ್ ಪ್ರಕರಣದಲ್ಲಿ ಮಲಗಿದವರನ್ನಷ್ಟೇ ಕೇಳಿ 'ಅನ್ನವೇ ಕಾರಣ' ಎಂದು ಬರೆದು ಮುಖಭಂಗವಾಗಿತ್ತು. ಆರಾಮಿದ್ದವರೂ ಅದೇ ಅನ್ನ ಉಂಡಿದ್ದರು!

ಈ ಸಲ ಆರಾಮಿದ್ದವರ ಮನೆಗೇ ಮೊದಲು ಹೋದೆ. ಒಟ್ಟು 130 ಜನ. ವಾಂತಿ ಎಷ್ಟಕ್ಕೆ ಶುರುವಾಯಿತೆಂದರೆ ಯಾರಿಗೂ ನೆನಪಿಲ್ಲ, "ಸೊಲ್ಲಾಪುರ ಬಸ್ ಬರೂಕಿಂತ ಮೊದ್ಲೋ, ಆಮ್ಯಾಲೋ?" ಎಂದರೆ ತಟ್ಟನೆ ಹೇಳುತ್ತಾರೆ. ಬಾಸುಂದಿ ತಿಂದ 75ರಲ್ಲಿ 58 ಮಂದಿ ಮಲಗಿದ್ದರು, ತಿನ್ನದವರಲ್ಲಿ ಮೂರೋ ನಾಲ್ಕೋ. ಬಹುತೇಕರಿಗೆ ಮೂರು ತಾಸಿಗೆ ವಾಂತಿ, ಜ್ವರವಿಲ್ಲ. ಅಡುಗೆಯವನ ಹೆಬ್ಬೆರಳಿಗೆ ಕೀವುಗಟ್ಟಿದ ಗಾಯ, ಮೇಲೊಂದು ಅರಿವೆ ಚೂರು. ಬಾಸುಂದಿ ಹಿಂದಿನ ರಾತ್ರಿಯದೆಂದು ಅವನಿಂದ ಹೇಗೆ ಹೇಳಿಸಿದೆ ಅನ್ನುವುದನ್ನು ಬರೆಯುವುದಿಲ್ಲ, ಮುಂದೆಯೂ ಬೇಕಾಗುತ್ತದೆ.

"ಮುಂಜಾನಿ ಮತ್ತ ಕುದಿಸೀನ್ರೀ" ಎಂದ. ಅಲ್ಲೇ ಎಡವಟ್ಟಾಯಿತು. ಪಾತ್ರೆಯ ಮಾದರಿಯಲ್ಲಿ ಏನೂ ಬೆಳೆಯಲಿಲ್ಲವೆಂದು ವರದಿ ಬಂತು, ಮತ್ತೆ ನಗು. ಕುದಿಸಿದರೆ ಸ್ಟೆಫಿಲೋಕಾಕಸ್ (ಇಂಥ ಕೀವಿನ ಗಾಯದಲ್ಲಿರುವ ಜೀವಾಣು) ಸಾಯುತ್ತದೆ, ಅದು ಬಿಟ್ಟ ನಂಜು ಉಳಿಯುತ್ತದೆ. ಎತ್ತಿಟ್ಟಿದ್ದ ಎರಡನೇ ಡಬ್ಬಿಯನ್ನು ನಂಜಿನ ಪರೀಕ್ಷೆಗೇ ಕಳಿಸಿದೆ. ಸಿಕ್ಕಿತು.

ಜೀವಾಣು ಅಂದಮಾತ್ರಕ್ಕೆ ಆಕಸ್ಮಿಕ ಅನ್ನುವಂತಿಲ್ಲ. 1984ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ರಜನೀಶ್ ಅನುಯಾಯಿಗಳು ಹೋಟೆಲಿನ ಸಲಾಡಿಗೆ ಸಾಲ್ಮೊನೆಲ್ಲಾ ಬೆರೆಸಿ 751 ಜನ ಮಲಗಿದಾಗ, ಮೊದಲು ತಪ್ಪು ಹೊರಿಸಿದ್ದು ಕೆಲಸದವರ ಕೈಕೊಳಕಿನ ಮೇಲೆ. ಅಲ್ಲಿ ಹತ್ತು ಹೋಟೆಲು, ಎಲ್ಲಕ್ಕೂ ಒಂದೇ ಮೂಲ ಸಿಗಲಿಲ್ಲ. ನಮ್ಮಲ್ಲಿ ಒಂದೇ ಪಾತ್ರೆ, ಒಂದೇ ಕೈ, ಒಂದು ರಾತ್ರಿ. ಮೇಲಾಗಿ ತಮ್ಮನ ಇಬ್ಬರು ಮಕ್ಕಳೂ ಸಲೈನ್ ಹಚ್ಚಿಸಿಕೊಂಡು ಮಲಗಿದ್ದರು. ಇದು ಪುರಾವೆಯಲ್ಲ, ಆದರೆ ಪೊಲೀಸರಿಗೆ ಹಿಡಿಸಿದ್ದು ಇದೊಂದೇ.

ರಾತ್ರಿಯಿಡೀ ಪಾತ್ರೆ ಎಷ್ಟು ಬಿಸಿ ಇರುತ್ತದೆಂದು ನೋಡಲು, ಚಟಕ್ಕೆ ಬಿದ್ದು ಮನೆಯಲ್ಲೂ ಹತ್ತು ಲೀಟರ್ ಹಾಲು ಕಾಯಿಸಿ ಮುಚ್ಚಿಟ್ಟೆ. ಆರು ತಾಸಿನ ಮೇಲೂ ನಡುವೆ 40 ಡಿಗ್ರಿ ಹತ್ತಿರ, ಜೀವಾಣು ಬೆಳೆಯುವ ಬಿಸಿ! ಐನೂರು ರೂಪಾಯಿಯ ಹಾಲು ತಿಪ್ಪೆಗೆ. ಮಾದರಿಗೆ ಥರ್ಮಾಕೋಲ್ ಡಬ್ಬಿ, ಮೀನಿನವನ ಹತ್ತಿರದ ಬರ್ಫ, ಜೀಪಿನ ಡೀಸೆಲ್ ಸೇರಿ ಸಾವಿರದ ಇನ್ನೂರೇನೋ. ಆ ಬಿಲ್ಲು ಇನ್ನೂ ಪಾಸಾಗಿಲ್ಲ.