ಮಸಿ ಬಿದ್ದ ಒಣಮೀನು ಮತ್ತು ಗೂಡಂಗಡಿಯ ದೂರಿನ ಪುಸ್ತಕ

ಕಾರವಾರದ ಕಡೆಯ ಜನಕ್ಕೆ ದೊಡ್ಡ ಯೋಜನೆಗಳು ಹೊಸದಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. ಕೈಗಾ ಅಣುಸ್ಥಾವರ ಬಂತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಶುರುವಾಯಿತು. ಅಲ್ಲಿಂದ ಎದ್ದುಬಂದವರ ಮನೆಗಳಲ್ಲಿ ಪರಿಹಾರದ ಮಾತು ಇನ್ನೂ ನಡೆಯುತ್ತದೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಬೇಡ ಎಂದು ಮೀನುಗಾರರು ಬೀದಿಗಿಳಿದಿದ್ದರು. ಇಷ್ಟೆಲ್ಲ ಕಂಡವರ ಕೇರಿಗೆ ಕಂಪನಿಯ ಕಾರ್ಡು ಕೊರಳಿಗೆ ಹಾಕಿಕೊಂಡು ಹೋದರೆ ಏನು ಕೇಳುತ್ತಾರೆ? "ಈಗ ಮತ್ತೇನು ತಗೊಳ್ಳೋಕೆ ಬಂದ್ರಿ ಸಾಹೇಬ್ರೇ?"

ನಾನು ಈ ಕರಾವಳಿಯ ಒಂದು ಕಾರ್ಖಾನೆಯಲ್ಲಿ ಊರಿನವರ ಜೊತೆ ಮಾತಾಡುವ ಕೆಲಸ ಮಾಡುತ್ತಿದ್ದೆ. ಕಂಪನಿಯ ಹೆಸರೂ ಬೇಡ, ಊರಿನ ಹೆಸರೂ ಬೇಡ. ಕಲ್ಲಿದ್ದಲಿನ ಬಾಯ್ಲರ್ ಇರುವ ಕಾರ್ಖಾನೆ, ಪಕ್ಕದಲ್ಲೇ ಮೀನುಗಾರರ ಕೇರಿ ಎಂದರೆ ಸಾಕು.

ನಾನು ಸೇರುವ ಮೊದಲು ಸಂಬಂಧ ಸುಧಾರಿಸಲು ಕಂಪನಿ ಮಾಡುತ್ತಿದ್ದದ್ದು ಎರಡೇ ಕೆಲಸ. ಬಸ್ ಸ್ಟಾಪಿಗೆ ಸಿಮೆಂಟ್ ಬೆಂಚು, ಶಾಲೆ ಮಕ್ಕಳಿಗೆ ಬ್ಯಾಗು. ಎರಡರ ಮೇಲೂ ಕಂಪನಿಯ ಹೆಸರು ಊರಗಲ. ಬೆಂಚಿನ ಮೇಲೆ ಕೂತೇ ಜನ ಕಂಪನಿಯನ್ನು ಬೈಯುತ್ತಿದ್ದರು.

ಬೈಗುಳಕ್ಕೆ ಮುಖ್ಯ ಕಾರಣ ಮಸಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹೆಂಗಸರು ಬಂಗಡೆ, ಶೆಟ್ಲಿ ಎಲ್ಲ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಉಳಿದದ್ದು ಘಟ್ಟದ ಮೇಲೆ ಮಾರಾಟಕ್ಕೆ ಹೋಗುತ್ತದೆ. ಆ ಮೀನಿನ ಮೇಲೆ ಕರಿ ಚುಕ್ಕೆ ಬಿದ್ದರೆ ದರ ಇಳಿಯಿತು ಅಂತಲೇ ಲೆಕ್ಕ. ಕಂಪನಿಯವರು ಮಾತ್ರ ಚಿಮಣಿಯ ತಿಂಗಳ ವರದಿ ತೋರಿಸಿ "ಎಲ್ಲ ಮಿತಿಯೊಳಗೇ ಇದೆ" ಅನ್ನುತ್ತಿದ್ದರು. ವರದಿ ಸುಳ್ಳಲ್ಲ. ಆದರೆ ತಿಂಗಳಿಗೊಮ್ಮೆ ಅಳೆದ ಅಂಕಿಗೆ ಮೊನ್ನೆ ಮೂರು ಗಂಟೆಗೆ ಏನಾಯಿತು ಅನ್ನುವುದು ಹೇಗೆ ಗೊತ್ತಾಗಬೇಕು, ಅಲ್ವಾ?

ಅದಕ್ಕೆ ನಾವು ಬಸ್ ಸ್ಟಾಪಿನ ಗೂಡಂಗಡಿಯಲ್ಲಿ ಒಂದು ದೂರಿನ ಪುಸ್ತಕ ಇಟ್ಟೆವು. ಕಾರ್ಬನ್ ಹಾಳೆ ಹಾಕಿದ ಸಾದಾ ಪುಸ್ತಕ. ಯಾವ ದಿನ, ಎಷ್ಟು ಗಂಟೆ, ಎಲ್ಲಿ, ಏನು ಕಂಡಿತು ಇಷ್ಟು ಬರೆದರೆ ಸಾಕು. ಹೆಸರು ಬರೆಯುವುದು ಅವರವರ ಇಷ್ಟ. ಕಾರ್ಖಾನೆಯ ಗೇಟಿನಲ್ಲಿ ಇಟ್ಟಿದ್ದರೆ ಒಬ್ಬರೂ ಬರುತ್ತಿರಲಿಲ್ಲ. ಗೇಟಿನಲ್ಲಿ ಸೆಕ್ಯೂರಿಟಿಯವರು ಹೆಸರು, ಊರು, ಬಂದ ಕಾರಣ ಎಲ್ಲ ಕೇಳುತ್ತಾರೆ. ಅರ್ಧ ಧೈರ್ಯ ಅಲ್ಲೇ ಇಳಿದುಹೋಗುತ್ತದೆ. ಬರೆಯಲು ಬಾರದವರಿಗೆ ಅಂಗಡಿಯವರೇ ಬರೆದುಕೊಡುತ್ತಿದ್ದರು. ಕೊಂಕಣಿಯಲ್ಲಿ ಬರೆದವರೂ ಇದ್ದರು, ಅದನ್ನು ಹಾಗೆಯೇ ಇಟ್ಟುಕೊಂಡೆವು.

ಮರುದಿನದೊಳಗೆ ಅದೇ ಪುಸ್ತಕದಲ್ಲಿ, ಅದೇ ಸಾಲಿನ ಎದುರು ಉತ್ತರ ಬರೆಯಬೇಕು. ಕಾರಣ ಸಿಗದಿದ್ದರೆ "ಸಿಕ್ಕಿಲ್ಲ, ನೋಡುತ್ತಿದ್ದೇವೆ" ಅಂತಲಾದರೂ ಬರೆಯಬೇಕು. ನಮ್ಮ ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. ಬರಹದಲ್ಲಿ ಕೊಟ್ಟರೆ ನಾಳೆ ಕೋರ್ಟಿಗೆ ಹೋಗುತ್ತಾರೆ ಅಂದರು. ಕೋರ್ಟಿಗೆ ಹೋಗುವವರು ಹೇಗಿದ್ದರೂ ಹೋಗುತ್ತಾರೆ ಅಂದೆ.

ಪುಸ್ತಕದ ದೂರುಗಳನ್ನು ಬಾಯ್ಲರ್ ಮನೆಯ ಪಾಳಿ ಪುಸ್ತಕದ ಪಕ್ಕ ಇಟ್ಟು ನೋಡಿದಾಗ ವಿಷಯ ಬಿಚ್ಚಿಕೊಂಡಿತು. ಬಾಯ್ಲರ್ ಕೊಳವೆಗಳಿಗೆ ಹಿಡಿದ ಮಸಿಯನ್ನು ಆಗಾಗ ಹಬೆಯಿಂದ ಊದಿ ಬಿಡಿಸಬೇಕಾಗುತ್ತದೆ. ಸೂಟ್ ಬ್ಲೋಯಿಂಗ್ ಅನ್ನುತ್ತಾರೆ. ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಹೊಸ ಪಾಳಿಯವರು ಬಂದವರೇ ಮೊದಲು ಇದನ್ನು ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಕಡಲ ಕಡೆಯಿಂದ ವಾಯವ್ಯದ ಗಾಳಿ ಜೋರಾಗಿ ಬೀಸುವ ಹೊತ್ತೂ ಅದೇ. ಆ ಗಾಳಿಯ ದಾರಿಯಲ್ಲೇ ಮೀನು ಹರಡಿದ ಮರಳು. ಮಸಿ ಹಿಡಿಯಬೇಕಾದ ಫಿಲ್ಟರಿನ ಬಟ್ಟೆ ಚೀಲಗಳಲ್ಲೂ ಕೆಲವು ಹರಿದಿದ್ದವು.

ಊದುವ ಹೊತ್ತನ್ನು ನಸುಕಿಗೆ ಬದಲಿಸಿದೆವು. ಆಗ ಮೀನು ಹರಡಿರುವುದಿಲ್ಲ, ಗಾಳಿಯೂ ನೆಲದಿಂದ ಕಡಲಿಗೆ ಬೀಸುತ್ತದೆ. ಕೇರಿಯ ಒಬ್ಬ ಅಜ್ಜ ಕೂಡಲೇ ಕೇಳಿದರು, "ಹಂಗಾದ್ರೆ ನಸುಕಿಗೆ ದೋಣಿಯಲ್ಲಿ ಇರೋ ನಮ್ಮ ತಲೆ ಮೇಲೆ ಬೀಳ್ತದೆ, ಹೌದೋ ಅಲ್ಲೋ?" ಹೌದು. ಹೊತ್ತು ಬದಲಿಸಿದ್ದು ಬರೀ ತಾತ್ಕಾಲಿಕ ಕೆಲಸ, ಚೀಲ ಬದಲಿಸುವುದೇ ನಿಜವಾದ ರಿಪೇರಿ. ಅದನ್ನು ಪುಸ್ತಕದಲ್ಲೂ ಬರೆದೆವು. ಖರೀದಿ ವಿಭಾಗದಿಂದ ಚೀಲ ಬರುವಷ್ಟರಲ್ಲಿ ಮಳೆಗಾಲ ಹತ್ತಿರ ಬಂದಿತ್ತು. ಅಲ್ಲಿಯವರೆಗೆ ಪ್ರತಿ ವಾರ "ಚೀಲ ಇನ್ನೂ ಬಂದಿಲ್ಲ" ಅಂತ ಬರೆಯುವುದೇ ನನ್ನ ಕೆಲಸ. ಮುಜುಗರದ್ದೇ. ಆದರೂ ಬರೆದೆ.

ಈ ನಡುವೆ ಮೇಲಿನಿಂದ ಒಂದು ಸಲಹೆ ಬಂತು. ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಮೀನು ಒಣಗಿಸಲು ಕಟ್ಟೆ ಕಟ್ಟಿಸಿಕೊಡೋಣ, ದೂರು ನಿಲ್ಲುತ್ತದೆ. ಕಟ್ಟೆ ಒಳ್ಳೆಯದೇ. ಆದರೆ ಈಗ ಬೇಡ ಅಂದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ನೂರಕ್ಕೆ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಕಂಪನಿಯ ದಿನನಿತ್ಯದ ವ್ಯವಹಾರದ ಖರ್ಚು ಅದರಲ್ಲಿ ಸೇರುವುದಿಲ್ಲ. ಮಸಿ ತಡೆಯುವುದು ನಮ್ಮ ವ್ಯವಹಾರದ್ದೇ ಭಾಗ. ದೂರು ಇರುವಾಗ ಉಡುಗೊರೆ ಕೊಟ್ಟರೆ ಬಾಯಿ ಮುಚ್ಚಿಸಲು ಕೊಟ್ಟಂತೆ ಕಾಣುತ್ತದೆ, ಸುಮ್ನೆ ಹಣ ದಂಡ. ಕಟ್ಟೆ ಆಮೇಲೆ ಆಯಿತು, ಜಾಗವನ್ನು ಹೆಂಗಸರೇ ತೋರಿಸಿದರು. ಅದರ ಮೇಲೆ ಕಂಪನಿಯ ಹೆಸರಿಲ್ಲ.

ಫೋನಿನ ವಿಷಯವೂ ಇತ್ತು. ದೂರಿನ ನಂಬರು ಮೊದಲು ಆಫೀಸಿನದಾಗಿತ್ತು, ಸಂಜೆ ಐದೂವರೆಗೆ ಬೀಗ. ಅದನ್ನು ಪಾಳಿಯ ಉಸ್ತುವಾರಿಯ ಕೈಗೆ ಕೊಡಿಸಿದೆ. ನಡುರಾತ್ರಿ ಸದ್ದು ಕೇಳಿ ಯಾರಾದರೂ ಫೋನ್ ಮಾಡಿದರೆ, ವಾಲ್ವಿನ ಹತ್ತಿರ ಇರುವವನೇ ಎತ್ತುತ್ತಾನೆ. ಸೇಫ್ಟಿ ವಾಲ್ವ್ ತೆರೆದು ಹಬೆ ಹೊರಬಂದರೆ ಆಗುವ ಗರ್ಜನೆ ಗೊತ್ತಿಲ್ಲದವರಿಗೆ ಎದೆ ಒಡೆದಂತೆ ಆಗುತ್ತದೆ. "ಇದು ಹಬೆ, ಇನ್ನು ಹತ್ತು ನಿಮಿಷದಲ್ಲಿ ನಿಲ್ತದೆ ಆಯಿ, ಮಲಗಿ" ಅಂದರೆ ಅಷ್ಟೇ ಸಾಕಾಗುತ್ತದೆ.

ಕೆಲಸದ ಬೇಡಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖಾಲಿ ಜಾಗದ ವಿವರವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚುತ್ತಿದ್ದೆವು, ಯಾರಿಗೂ ಬಾಯಿಮಾತಿನ ಭರವಸೆ ಕೊಡುತ್ತಿರಲಿಲ್ಲ. ಇಲ್ಲಿ ಎಲ್ಲರನ್ನೂ ಸಮಾಧಾನ ಮಾಡಿದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಮುಂದೆ ಕಾರ್ಖಾನೆ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಬಂತು. ಪರಿಸರದ ಮೇಲಿನ ಪರಿಣಾಮ ಅಳೆಯುವ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು, ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ನೋಟಿಸಿನ ಜೊತೆಗೆ ನಾವು ಕೇರಿ ಕೇರಿಗೆ ಹೋಗಿ ಸಾರಾಂಶ ಓದಿ ಹೇಳಿದ್ದೆವು. ಸಭೆಯಲ್ಲಿ ಕೇರಿಯ ಹೆಂಗಸೊಬ್ಬರು ಎದ್ದು ನಿಂತರು. ಅವರ ಕೈಯಲ್ಲಿ ನಮ್ಮದೇ ದೂರಿನ ಪುಸ್ತಕದ ಝೆರಾಕ್ಸ್ ಕಟ್ಟು. "ಚೀಲ ಬಂದಿಲ್ಲ" ಅಂತ ನಾನು ಬರೆದ ಸಾಲುಗಳನ್ನೆಲ್ಲ ಒಂದೊಂದಾಗಿ ಓದಿದರು. ಇಷ್ಟು ಸಣ್ಣ ರಿಪೇರಿಗೆ ಇಷ್ಟು ದಿನ ಹಿಡಿದವರು ಇನ್ನೊಂದು ಬಾಯ್ಲರ್ ಹೇಗೆ ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಅದು ನಡಾವಳಿಯಲ್ಲಿ ದಾಖಲಾಯಿತು.

ವಾಪಸ್ ಬರುವಾಗ ಮ್ಯಾನೇಜರು ಕಾರಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಮರುದಿನ ಪುಸ್ತಕ ತೆಗೆಸಿಬಿಡೋಣ ಅಂದರು. ಬೇಡ ಸರ್, ಮೊದಲು ಹೆಚ್ಚುವರಿ ಚೀಲಗಳ ಒಂದು ಸೆಟ್ ಸ್ಟೋರಿನಲ್ಲಿ ಯಾವಾಗಲೂ ಇರುವ ಹಾಗೆ ಮಾಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಖರೀದಿ ವಿಭಾಗಕ್ಕೆ ಫೋನ್ ಹಚ್ಚಿದರು. ಪುಸ್ತಕ ಅಂಗಡಿಯಲ್ಲೇ ಉಳಿಯಿತು.