ಹೇಸ್ಟಿಂಗ್ಸ್‌ನ ಹಳೇ ಪಬ್‌ಗಳ ಜಾಡು ಹಿಡಿದು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು 1066ರ ಯುದ್ಧ. ನನ್ನನ್ನು ಹಿಡಿದಿಟ್ಟಿದ್ದು ಅಲ್ಲಿನ ಓಲ್ಡ್ ಟೌನ್. ಈಸ್ಟ್ ಹಿಲ್, ವೆಸ್ಟ್ ಹಿಲ್ ಎಂಬ ಎರಡು ಗುಡ್ಡಗಳ ಸಂದಿಯಲ್ಲಿ ಹೈ ಸ್ಟ್ರೀಟ್ ಮತ್ತು ಆಲ್ ಸೇಂಟ್ಸ್ ಸ್ಟ್ರೀಟ್ ಸಮುದ್ರದ ಕಡೆಗೆ ಇಳಿಯುತ್ತವೆ. ದಡದಲ್ಲಿ ಬಲೆ ಇಡಲು ಕಟ್ಟಿದ ಎತ್ತರದ ಕಪ್ಪು ಮರದ ಕೊಟ್ಟಿಗೆಗಳು ಸಾಲಾಗಿ ನಿಂತಿವೆ. ಈ ಸಣ್ಣ ಜಾಗದಲ್ಲೇ ಹಿಂದೆ ಲೆಕ್ಕವಿಲ್ಲದಷ್ಟು ಪಬ್‌ಗಳಿದ್ದವು. ಎಷ್ಟೋ ಈಗ ವಾಸದ ಮನೆಗಳು. ಅವನ್ನು ನಡೆಸಿದವರು ಯಾರು, ಒಳಗೆ ಏನೇನು ನಡೆಯುತ್ತಿತ್ತು ಅಂತ ತಿಳಿಯುವ ಆಸೆಯಿಂದ ಹುಡುಕಲು ಶುರುಮಾಡಿದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಪಬ್‌ನ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಹೆಸರು ಬದಲಾಗುತ್ತದೆ, ಮನೆ ನಂಬರೂ ಬದಲಾಗುತ್ತದೆ. ಒಂದೇ ಹೆಸರು ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಕಟ್ಟಡದ ಮೇಲೆ ಇರುವುದೂ ಉಂಟು. ನಾನು ಹಿಡಿದಿದ್ದು ಲೈಸೆನ್ಸ್‌ನ ಜಾಡು. 1552ರಿಂದ ಇಂಗ್ಲೆಂಡಿನಲ್ಲಿ ಏಲ್ ಎಂಬ ಬಿಯರ್ ಮಾರುವವರು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕಿತ್ತು. 1872ರ ಕಾಯ್ದೆಯ ನಂತರವಂತೂ ಲೈಸೆನ್ಸ್ ರಿಜಿಸ್ಟರ್ ಇಡುವುದು ಕಡ್ಡಾಯ. ಬಡಗಿಯ ಬಗ್ಗೆಯೋ ಬಲೆ ಹೆಣೆಯುವವರ ಬಗ್ಗೆಯೋ ಇಷ್ಟು ಕಾಗದ ಸಿಗುವುದಿಲ್ಲ. ಪಬ್ ನಡೆಸಿದ ಸಾಮಾನ್ಯರ ಹೆಸರು ಮಾತ್ರ ಕಾನೂನಿನ ದೆಸೆಯಿಂದ ಉಳಿದುಬಿಟ್ಟಿದೆ.

ಹೇಸ್ಟಿಂಗ್ಸ್ ಇರುವ ಈಸ್ಟ್ ಸಸೆಕ್ಸ್ ಕೌಂಟಿಯ ಹಳೇ ದಾಖಲೆಗಳು ಬ್ರೈಟನ್ ಹತ್ತಿರ 2013ರಲ್ಲಿ ತೆರೆದ 'ದ ಕೀಪ್' ಎಂಬ ಪತ್ರಾಗಾರದಲ್ಲಿವೆ. ಒಳಗೆ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಏನು ಬೇಕು ಅಂತ ಮೊದಲೇ ಪಟ್ಟಿ ಮಾಡಿಕೊಂಡು ಹೋದರೆ ಒಳ್ಳೆಯದು. ಲೈಸೆನ್ಸ್ ರಿಜಿಸ್ಟರ್‌ನ ಪುಟ ತೆರೆದರೆ ಒಂದೊಂದು ಮನೆಯ ಬದುಕೇ ಕಾಣುತ್ತದೆ. ಪಬ್‌ನ ಹೆಸರು, ಕಟ್ಟಡದ ಒಡೆಯರು, ಲೈಸೆನ್ಸ್ ಇದ್ದವರು, ಯಾವ ತಾರೀಖಿಗೆ ಯಾರಿಗೆ ವರ್ಗವಾಯಿತು, ದಂಡ ಬಿದ್ದಿದ್ದರೆ ಅದೂ ಅಲ್ಲೇ. ಒಡೆಯರ ಜಾಗದಲ್ಲಿ ಬಿಯರ್ ತಯಾರಿಸುವ ಕಂಪನಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅಂದರೆ ಪಬ್ ನಡೆಸುವವರು ಬಾಡಿಗೆದಾರರು, ಆ ಕಂಪನಿಯ ಬಿಯರನ್ನೇ ಮಾರಬೇಕು. ಗಂಡನ ಹೆಸರು ಹೊಡೆದುಹಾಕಿ ಹೆಂಡತಿಯ ಹೆಸರು ಬರೆದ ಸಾಲುಗಳೂ ಸಿಗುತ್ತವೆ. ಗಂಡ ತೀರಿಕೊಂಡ ಮೇಲೆ ವ್ಯಾಪಾರ ಮುಂದುವರಿಸಿದ ಹೆಂಗಸರು ಇವರು. ಅಂಥ ಸಾಲು ಕಂಡಾಗಲೆಲ್ಲ ಉಳಿದ ಕೆಲಸ ಬಿಟ್ಟು ಆಕೆಯ ಹಿಂದೆ ಹೋಗುತ್ತೇನೆ.

ಹಾಗೆ ಹೋಗಲು ಜನಗಣತಿ ಬೇಕು. 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಯ ಮನೆಮನೆ ವಿವರ ನೋಡಲು ಸಿಗುತ್ತದೆ. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. ಆ ಕೊರತೆಯನ್ನು 1939ರ ಸೆಪ್ಟೆಂಬರ್ 29ರಂದು ಮಾಡಿದ ರಾಷ್ಟ್ರೀಯ ನೋಂದಣಿ ಸ್ವಲ್ಪ ತುಂಬುತ್ತದೆ. ಪಬ್‌ನ ಮನೆಯೊಳಗೆ ಮಕ್ಕಳೆಷ್ಟು, ಕೆಲಸದ ಹುಡುಗಿ ಯಾವ ಊರಿನವಳು, ಬಾಡಿಗೆಗೆ ಇದ್ದವರು ಯಾರು, ಎಲ್ಲ ಅಲ್ಲಿದೆ.

ಕಷ್ಟ ಬರುವುದು 1830ರಿಂದ 1869ರವರೆಗಿನ ಕಾಲದಲ್ಲಿ. 1830ರ ಬಿಯರ್‌ಹೌಸ್ ಕಾಯ್ದೆ ಬಂದಮೇಲೆ ತೆರಿಗೆ ಕಟ್ಟುವ ಮನೆಯವರು ವರ್ಷಕ್ಕೆ ಎರಡು ಗಿನಿ (ಆಗಿನ ಇಂಗ್ಲಿಷ್ ಹಣ) ಕೊಟ್ಟು, ಮ್ಯಾಜಿಸ್ಟ್ರೇಟರ ಹತ್ತಿರ ಹೋಗದೆಯೇ ಮನೆಯಲ್ಲಿ ಬಿಯರ್ ಮಾರಬಹುದಿತ್ತು. ಈ ಲೈಸೆನ್ಸ್ ಅಬಕಾರಿಯವರು ಕೊಡುತ್ತಿದ್ದರು. ಅವರ ಕಾಗದಗಳು ಉಳಿದಿರುವುದು ತೀರಾ ಕಡಿಮೆ. ಆ ಕಾಲದ ವ್ಯಾಪಾರಿಗಳ ಡೈರೆಕ್ಟರಿಗಳಲ್ಲೂ ಇವರು 'ಬಿಯರ್ ರೀಟೇಲರ್' ಅಂತ ಬರುತ್ತಾರೆ, ಆಳಿನ ಹೆಸರಿರುತ್ತದೆ, ಪಬ್‌ನ ಹೆಸರಿರುವುದಿಲ್ಲ. ಹಾಗಾಗಿ ಡೈರೆಕ್ಟರಿಯಲ್ಲಿ ಆಳನ್ನು ಹಿಡಿದು, ಗಣತಿಯಲ್ಲಿ ಆ ಆಳಿನ ಬೀದಿ ಹುಡುಕಿ, ಗಣತಿದಾರ ಯಾವ ಮನೆಯಿಂದ ಯಾವ ಮನೆಗೆ ನಡೆದ ಅಂತ ಅಕ್ಕಪಕ್ಕದ ಮನೆಗಳಿಂದ ಅಂದಾಜು ಮಾಡಿ, ಕೊನೆಗೆ ಆರ್ಡ್‌ನನ್ಸ್ ಸರ್ವೇ ಎಂಬ ಸರ್ಕಾರಿ ನಕ್ಷೆ ಸಂಸ್ಥೆಯ ನಕ್ಷೆಯ ಮೇಲೆ ಬೆರಳಿಡಬೇಕು. ನಕ್ಷೆಯಲ್ಲಿ ಪಬ್ ಇದ್ದಲ್ಲಿ 'ಪಿ.ಎಚ್.' (ಪಬ್ಲಿಕ್ ಹೌಸ್) ಅಂತ ಗುರುತು ಇರುತ್ತದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೇ ನಕ್ಷೆಗಳನ್ನೂ ಇವತ್ತಿನ ನಕ್ಷೆಯ ಮೇಲೆ ಹಾಸಿ ನೋಡಬಹುದು. ದುಡ್ಡು ಕೊಡಬೇಕಿಲ್ಲ. ನನಗೆ ಇದಕ್ಕಿಂತ ಉಪಕಾರವಾದ ಸಲಕರಣೆ ಇನ್ನೊಂದಿಲ್ಲ.

ಕರಾವಳಿಯ ಊರು ಅಂದಮೇಲೆ ಹಳೇ ಪತ್ರಿಕೆಗಳಲ್ಲಿ ಇನ್ನೊಂದು ಬಾಗಿಲೂ ತೆರೆಯುತ್ತದೆ. ಅನುಮಾನದ ಸಾವಿನ ವಿಚಾರಣೆ ಆಗ ಪಬ್‌ನಲ್ಲೇ ನಡೆಯುತ್ತಿತ್ತು. ಜ್ಯೂರಿ ಕೂರುವಷ್ಟು ದೊಡ್ಡ ಕೋಣೆ ಬೇರೆಲ್ಲಿ ಸಿಗಬೇಕು? ದಡಕ್ಕೆ ಹೆಣ ಬಂದರೆ ಹತ್ತಿರದ ಪಬ್‌ನಲ್ಲಿ ಕೊರೋನರ್, ಅಂದರೆ ಸಾವಿನ ವಿಚಾರಣೆ ನಡೆಸುವ ಅಧಿಕಾರಿ, ಕೂರುತ್ತಿದ್ದರು. ಬೇರೆ ಜಾಗ ಸಿಗುವಲ್ಲಿ ಪಬ್ ಬಳಸಬಾರದು ಅಂತ ಕಾನೂನು ಬಂದದ್ದು 1902ರಲ್ಲಿ. ಆ ವರದಿಗಳಲ್ಲಿ ಸಾಕ್ಷಿ ಹೇಳಿದವರ ಮಾತು ಹಾಗೆಹಾಗೇ ಇರುತ್ತದೆ. ಯಾವ ದೋಣಿ, ಗಾಳಿ ಯಾವ ಕಡೆಯದು, ಹೆಣ ಹೊತ್ತು ತಂದವರು ಯಾರು. ಊರಿನ ಚರಿತ್ರೆ ಅಂತ ನಾನು ಕರೆಯುವುದು ಇದನ್ನೇ.

ಕಳ್ಳಸಾಗಣೆಯ ಕತೆಗಳನ್ನು ಬರೆದುಕೊಳ್ಳುತ್ತೇನೆ, ಆದರೆ ಬೇರೆ ಪುಸ್ತಕದಲ್ಲಿ. ಈ ಕರಾವಳಿಯಲ್ಲಿ ಕಳ್ಳಸಾಗಣೆ ಜೋರಾಗಿಯೇ ಇತ್ತು, ಅದು ಸುಳ್ಳಲ್ಲ. ಹಾಗಂತ ಪ್ರತಿ ಪಬ್‌ನ ನೆಲಮಾಳಿಗೆಯಿಂದ ಸಮುದ್ರಕ್ಕೆ ಸುರಂಗ ಇತ್ತು ಅನ್ನುವುದಕ್ಕೆ ಕಾಗದ ಬೇಡವಾ? ಇಂಥ ಕತೆಗಳ ಗದ್ದಲದಲ್ಲಿ ನಿಜವಾದ ನೋವು ಹಿಂದೆ ಸರಿದುಬಿಡುತ್ತದೆ ಅನ್ನುವುದೇ ನನ್ನ ಸಂಕಟ. ಹೈ ಸ್ಟ್ರೀಟಿನ ಸ್ವಾನ್ ಇನ್‌ನ ಮಾತು ತಗೊಳ್ಳಿ. 1943ರ ಮೇ 23, ಭಾನುವಾರ, ಜರ್ಮನ್ ವಿಮಾನಗಳು ಹಾಕಿದ ಬಾಂಬಿಗೆ ಅದು ನೆಲಸಮವಾಯಿತು. ಒಳಗಿದ್ದವರಲ್ಲಿ ಹಲವರು ಸತ್ತರು. ಆ ಜಾಗದಲ್ಲಿ ಈಗ ಅವರ ನೆನಪಿನ ಸಣ್ಣ ತೋಟವಿದೆ. ಬಂದವರಿಗೆ ಸುರಂಗದ ಕತೆಗಿಂತ ಮೊದಲು ಇದನ್ನು ಹೇಳುತ್ತೇನೆ.

ಈಗ ಕೈಯಲ್ಲಿರುವುದು 1904ರ ಕಾಯ್ದೆಯ ನಂತರ ಮುಚ್ಚಿದ ಪಬ್‌ಗಳು. ಊರಿಗೆ ಇಷ್ಟು ಪಬ್ ಬೇಡ ಅಂತ ಮುಚ್ಚಿಸಿದಾಗ ಪರಿಹಾರ ಕೊಡುತ್ತಿದ್ದರು. ಆ ಹಣ ಉಳಿದ ಪಬ್‌ಗಳ ಮೇಲೆ ಹಾಕಿದ ತೆರಿಗೆಯಿಂದ ಬರುತ್ತಿತ್ತು. ವಿಚಾರಣೆಯ ವರದಿ ಸಿಕ್ಕಿದರೆ ವ್ಯಾಪಾರ ಎಷ್ಟು, ಗಿರಾಕಿಗಳು ಯಾರು ಅನ್ನುವುದೂ ತಿಳಿಯುತ್ತದೆ. ಸಿಕ್ಕ ಪ್ರತಿ ಸಾಲಿನ ಪಕ್ಕದಲ್ಲಿ ಕಡತದ ನಂಬರ್, ಪತ್ರಿಕೆಯ ತಾರೀಖು, ಪುಟ ಬರೆದಿಡುತ್ತೇನೆ. ನನ್ನ ಮಾತು ಸರಿಯೋ ಅಲ್ಲವೋ ಅಂತ ಇನ್ನೊಬ್ಬರು ಹೋಗಿ ನೋಡುವಂತಿರಬೇಕು, ಅಲ್ವಾ?