ಸ್ಕ್ವಾಟ್‌ನಲ್ಲಿ ಯಾವುದು, ಡೆಡ್‌ಲಿಫ್ಟ್‌ನಲ್ಲಿ ಯಾವುದು? ಮಂಡಿ ಮತ್ತು ಸೊಂಟದ ಲೆಕ್ಕ

ಬಾರ್ ಹೊತ್ತು ಕೂತು ಏಳುವುದು ಸ್ಕ್ವಾಟ್, ನೆಲದಲ್ಲಿರುವ ಬಾರ್ ಹಿಡಿದು ಎತ್ತಿ ನಿಲ್ಲುವುದು ಡೆಡ್‌ಲಿಫ್ಟ್. ಇವುಗಳಲ್ಲಿ ಹೈ ಬಾರ್, ಲೋ ಬಾರ್, ಫ್ರಂಟ್, ಸುಮೋ, ರೊಮೇನಿಯನ್ ಎಂದು ಹೆಸರುಗಳು ಎಷ್ಟೇ ಇರಲಿ, ಆಯ್ಕೆಗೆ ಬೇಕಾದ ಪ್ರಶ್ನೆ ಒಂದೇ. ಬಾರ್‌ನಿಂದ ನೆಲಕ್ಕೆ ನೇರವಾಗಿ ಒಂದು ಗೆರೆ ಎಳೆದರೆ ಅದರಿಂದ ಮಂಡಿ ಎಷ್ಟು ದೂರ, ಸೊಂಟದ ಕೀಲು ಎಷ್ಟು ದೂರ? ದೂರ ಹೆಚ್ಚಾದ ಕಡೆ ದುಡಿಮೆಯೂ ಹೆಚ್ಚು. ಬಾರ್ ಯಾವಾಗಲೂ ಪಾದದ ನಡುಭಾಗದ ಮೇಲೇ ಇರಬೇಕು. ಹಾಗಾಗಿ ಮುಂಡ ನೆಟ್ಟಗಿದ್ದರೆ ಮಂಡಿ ಮುಂದೆ ಹೋಗಿ ತೊಡೆಯ ಮುಂಭಾಗ ದುಡಿಯುತ್ತದೆ. ಮುಂಡ ಬಾಗಿದರೆ ಸೊಂಟ ಹಿಂದೆ ಸರಿದು ಪೃಷ್ಠ, ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಮತ್ತು ಬೆನ್ನಿನ ಮೇಲೆ ಹೊರೆ ಬೀಳುತ್ತದೆ.

ಮಂಡಿಯ ಕಡೆಯಿಂದ ಸೊಂಟದ ಕಡೆಗೆ ಸಾಲು ಹಚ್ಚಿದರೆ ಹೆಚ್ಚುಕಡಿಮೆ ಹೀಗೆ ಬರುತ್ತದೆ: ಫ್ರಂಟ್ ಸ್ಕ್ವಾಟ್ (ಬಾರ್ ಭುಜದ ಮುಂಭಾಗದಲ್ಲಿ), ಹೈ ಬಾರ್ (ಕತ್ತಿನ ಬುಡದ ಹಿಂದೆ), ಲೋ ಬಾರ್ (ಬೆನ್ನಿನ ಮೇಲೆ ಇನ್ನೂ ಸ್ವಲ್ಪ ಕೆಳಗೆ), ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್ (ಚೌಕಟ್ಟಿನಂಥ ಬಾರ್‌ನ ಒಳಗೆ ನಿಂತು ಎತ್ತುವುದು), ಸುಮೋ (ಕಾಲು ಅಗಲಿಸಿ, ಕೈ ಕಾಲುಗಳ ಒಳಗಿಟ್ಟು), ಸಾಮಾನ್ಯ ಡೆಡ್‌ಲಿಫ್ಟ್, ರೊಮೇನಿಯನ್ (ನಿಂತಲ್ಲಿಂದ ಸೊಂಟ ಹಿಂದೆ ತಳ್ಳಿ ಬಾರ್ ಇಳಿಸುವುದು). ಮೊದಲ ಮೂರರಿಂದ ಒಂದು, ನಂತರದ ಮೂರರಿಂದ ಒಂದು ಆರಿಸಿ ಕನಿಷ್ಠ 8 ವಾರ ಅದರಲ್ಲೇ ಉಳಿಯಿರಿ; ರೊಮೇನಿಯನ್ ಇವೆರಡಕ್ಕೂ ಪೂರಕ. ವಾರಕ್ಕೊಂದು ಬದಲಿಸಿದರೆ ತೂಕ ಏರಿದ್ದು ಬಲದಿಂದಲೋ ಅಭ್ಯಾಸದಿಂದಲೋ ಗೊತ್ತಾಗುವುದಿಲ್ಲ.

‘ಸ್ಕ್ವಾಟ್ ಒಂದೇ ಸಾಕು’ ಎನ್ನುವವರು ಹ್ಯಾಮ್‌ಸ್ಟ್ರಿಂಗ್ ವಿಷಯದಲ್ಲಿ ಎಡವುತ್ತಾರೆ. ಆ ಸ್ನಾಯು ಸೊಂಟ, ಮಂಡಿ ಎರಡನ್ನೂ ದಾಟುತ್ತದೆ. ಕೂರುವಾಗ ಸೊಂಟದ ಕಡೆ ಹಿಗ್ಗಿದಷ್ಟೂ ಮಂಡಿಯ ಕಡೆ ಕುಗ್ಗುವುದರಿಂದ ಒಟ್ಟು ಉದ್ದ ಹೆಚ್ಚು ಬದಲಾಗದು, ಬೆಳವಣಿಗೆಯೂ ಅಷ್ಟಕ್ಕಷ್ಟೆ. ರೊಮೇನಿಯನ್ ಈ ಕೊರತೆ ತುಂಬುತ್ತದೆ: ಮಂಡಿ ಸ್ವಲ್ಪವೇ ಮಡಚಿ, ಹಾಗೇ ಹಿಡಿದು, ಸೊಂಟವನ್ನಷ್ಟೇ ಹಿಂದೆ ತಳ್ಳಿ. ಸೊಂಟ ಹಿಂದೆ ಹೋಗುವುದು ನಿಂತ ಕ್ಷಣವೇ ಕೊನೆ. ಹೆಚ್ಚಿನವರಿಗೆ ಆಗ ಬಾರ್ ಮಂಡಿಯ ಕೆಳಗೆ, ಕಣಕಾಲಿನ ನಡುವಿನವರೆಗೆ ಬಂದಿರುತ್ತದೆ. ಪ್ಲೇಟ್ ನೆಲಕ್ಕೆ ತಾಗಲೇಬೇಕೆಂದು ಹಟ ಹಿಡಿದರೆ ಮುಂದಿನ ಇಳಿತವೆಲ್ಲ ಬೆನ್ನು ಬಾಗಿಸಿ ಗಳಿಸಿದ್ದು.

ಸ್ಕ್ವಾಟ್ ಆರಿಸುವ ಮೊದಲು ಪಾದದ ಕೀಲನ್ನು ಪರೀಕ್ಷಿಸಿ. ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರವಿರಲಿ. ಹಿಮ್ಮಡಿ ಏಳದಂತೆ ಮಂಡಿ ಗೋಡೆಗೆ ತಾಗಿದರೆ ಫ್ರಂಟ್ ಅಥವಾ ಹೈ ಬಾರ್ ಆರಾಮವಾಗಿ ಕೂರುತ್ತದೆ. ತಾಗದಿದ್ದರೆ ಹಿಮ್ಮಡಿಯಡಿ 1ರಿಂದ 2 ಸೆಂ.ಮೀ. ದಪ್ಪದ, ಅಲುಗಾಡದ ಹಲಗೆ ಇಡಿ, ಇಲ್ಲವೇ ಹಿಮ್ಮಡಿ ಎತ್ತರವಿರುವ ಲಿಫ್ಟಿಂಗ್ ಶೂ ಹಾಕಿ, ಅದೂ ಬೇಡವೆಂದರೆ ಲೋ ಬಾರ್ ಹಿಡಿಯಿರಿ. ತೊಡೆಯೆಲುಬು ಉದ್ದವಿದ್ದವರು ಹೇಗೆ ಕೂತರೂ ಮುಂದೆ ಬಾಗುತ್ತಾರೆ. ಅಂಥವರಿಗೆ ‘ಎದೆ ಎತ್ತು’ ಎಂದು ಕೂಗಿ ಪ್ರಯೋಜನವಿಲ್ಲ, ಅದು ಎಲುಬಿನ ಅಳತೆ. ಪಾದ ಅಗಲಿಸಿ, ಬೆರಳನ್ನು ಹೊರಕ್ಕೆ ತಿರುಗಿಸಿ ನೋಡಿ. ಹೊಸಬರು ಮೊದಲು ಗಾಬ್ಲೆಟ್ ಸ್ಕ್ವಾಟ್ ಮಾಡಲಿ. ಎದೆಗೊತ್ತಿದ 20 ಕೆ.ಜಿ. ಡಂಬೆಲ್‌ನೊಂದಿಗೆ ತೊಡೆ ನೆಲಕ್ಕೆ ಸಮನಾಗುವವರೆಗೆ 10 ರೆಪ್ (ಸಲ) ಬಂದರೆ ಬಾರ್ ಹೊರಬಹುದು. ರ್ಯಾಕ್‌ನ (ಬಾರ್ ಇಡುವ ಚೌಕಟ್ಟಿನ) ಸುರಕ್ಷಾ ಪಿನ್‌ಗಳು ಬಾರ್ ಮುಟ್ಟುವ ಅತಿ ಕೆಳಗಿನ ಬಿಂದುವಿಗಿಂತ 2–3 ಸೆಂ.ಮೀ. ಕೆಳಗಿರಲಿ.

ಡೆಡ್‌ಲಿಫ್ಟ್‌ನಲ್ಲಿ ಬಹಳ ಜನ ಗಮನಿಸದ ಸಂಗತಿ ಬಾರ್‌ನ ಎತ್ತರ. ದೊಡ್ಡ ಪ್ಲೇಟ್‌ನ ವ್ಯಾಸ 45 ಸೆಂ.ಮೀ., ಆದ್ದರಿಂದ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಅದು ಪ್ಲೇಟ್‌ನ ಅಳತೆಯೇ ಹೊರತು ನಿಮ್ಮ ದೇಹದ್ದಲ್ಲ. 10 ಕೆ.ಜಿ.ಯ ಸಣ್ಣ ಕಬ್ಬಿಣದ ಪ್ಲೇಟ್ ಹಾಕಿದ ಹೊಸಬರು ಇನ್ನೂ ಕೆಳಗಿನಿಂದ, ಅಂದರೆ ಅನುಭವಿಗಳಿಗಿಂತ ಕಷ್ಟದ ಡೆಡ್‌ಲಿಫ್ಟ್ ಎಳೆಯುತ್ತಿರುತ್ತಾರೆ. ಪ್ಲೇಟ್‌ನಡಿ ಗಟ್ಟಿ ಹಲಗೆ ಕೊಟ್ಟು ಎತ್ತರ ಸರಿಮಾಡಿ. 22.5 ಸೆಂ.ಮೀ.ಗೂ ಬೆನ್ನು ಗುಂಡಗಾಗುವವರು ಇನ್ನೊಂದು 5ರಿಂದ 10 ಸೆಂ.ಮೀ. ಏರಿಸಿಕೊಳ್ಳಬಹುದು, ಅಥವಾ ಎತ್ತರದ ಹಿಡಿಯಿರುವ ಟ್ರ್ಯಾಪ್ ಬಾರ್ ಬಳಸಬಹುದು.

ಎಳೆಯುವ ಕ್ರಮ: ಬಾರ್ ಪಾದದ ನಡುಭಾಗದ ಮೇಲೆ, ಕಣಕಾಲಿನಿಂದ ಎರಡು ಬೆರಳಿನಷ್ಟು ದೂರ. ಬಾರ್ ಅಲುಗಿಸದೆ ಬಾಗಿ ಕಾಲಿನ ಹೊರಗಡೆ ಹಿಡಿಯಿರಿ. ಕಣಕಾಲು ಬಾರ್‌ಗೆ ತಾಗುವಷ್ಟೇ ಮಂಡಿ ಮಡಚಿ. ಹೊಟ್ಟೆ ತುಂಬ ಉಸಿರೆಳೆದು ಬಿಗಿಹಿಡಿಯಿರಿ, ಬೆನ್ನು ನೇರ ಮಾಡಿ, ಬಾರ್ ಮತ್ತು ಪ್ಲೇಟ್‌ನ ನಡುವಿನ ಸಡಿಲು ಹೋಗುವ ತನಕ ಮೆಲ್ಲಗೆ ಎಳೆದು, ಆಮೇಲೆ ನೆಲವನ್ನು ಕಾಲಿನಿಂದ ಒತ್ತಿ. ಜಗ್ಗಬೇಡಿ. ಬಾರ್ ಏಳುವ ಮೊದಲೇ ಸೊಂಟ ಮೇಲೆ ಹಾರಿದರೆ ಸ್ಕ್ವಾಟ್‌ನಂತೆ ತುಂಬ ಕೆಳಗೆ ಕೂತಿದ್ದಿರಿ ಎಂದರ್ಥ. ಮಂಡಿಯ ಬಳಿ ನಿಂತುಹೋದರೆ ಪೃಷ್ಠವನ್ನು ಬಯ್ಯುವ ಮೊದಲು ಬಾರ್ ಕಾಲಿನಿಂದ ದೂರ ಸರಿದಿತ್ತೇ ನೋಡಿ, ಬಹಳ ಸಲ ಕಾರಣ ಅದೇ.

ಸ್ಕ್ವಾಟ್‌ನಿಂದ ಏಳುವಾಗ ಸೊಂಟ ಮೊದಲು ಎದ್ದು ಎದೆ ಕುಸಿಯುತ್ತಿದ್ದರೆ, ಸೋಲುತ್ತಿರುವುದು ಸಾಮಾನ್ಯವಾಗಿ ತೊಡೆಯ ಮುಂಭಾಗ. ಮುಂದಿನ 8 ವಾರಕ್ಕೆ ಫ್ರಂಟ್ ಸ್ಕ್ವಾಟ್ ಅಥವಾ ತಳದಲ್ಲಿ 2 ಸೆಕೆಂಡ್ ತಡೆದು ಏಳುವ ಸ್ಕ್ವಾಟ್ ಹಿಡಿಯಿರಿ. ಒಂದೇ ಕಡೆಗೆ ವಾಲುವವರಿಗೆ ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್ ಒಳ್ಳೆಯದು, ದುರ್ಬಲ ಕಾಲಿನಿಂದಲೇ ಶುರುಮಾಡಿ.

ವಾರದಲ್ಲಿ ಎರಡು ದಿನ ಸಾಕು. ಮೊದಲ ದಿನ ಸ್ಕ್ವಾಟ್ 5 ರೆಪ್‌ನ 3 ಸೆಟ್ (ಒಂದೇ ಸಮನೆ ಮಾಡುವ ಸುತ್ತು), ರೊಮೇನಿಯನ್ 8ರ 3 ಸೆಟ್. ಎರಡನೆಯ ದಿನ ಡೆಡ್‌ಲಿಫ್ಟ್ 5ರ ಒಂದು ಭಾರಿ ಸೆಟ್, ಶೇ 10 ತೂಕ ಇಳಿಸಿ ಇನ್ನೆರಡು, ಬಳಿಕ ಸ್ಪ್ಲಿಟ್ ಸ್ಕ್ವಾಟ್ ಕಾಲಿಗೆ 8ರಂತೆ 3. ಭಾರಿ ಸೆಟ್‌ಗಳ ನಡುವೆ 3ರಿಂದ 5 ನಿಮಿಷ ಬಿಡುವು. ಇನ್ನೂ ಒಂದೆರಡು ರೆಪ್ ಆಗುತ್ತಿತ್ತು ಎನ್ನುವಲ್ಲಿ ನಿಲ್ಲಿಸಿ. ಎಲ್ಲ ರೆಪ್ ಚೊಕ್ಕವಾಗಿ ಮುಗಿದಾಗ ಮಾತ್ರ 2.5 ಕೆ.ಜಿ. ಏರಿಸಿ.

ಕಾಲಿಗೆ ಶಕ್ತಿಯಿದ್ದೂ ಬಾರ್ ಕೈಯಿಂದ ಜಾರುತ್ತಿದ್ದರೆ ಚಾಕ್ ಪುಡಿ ಹಚ್ಚಿ, ಅದೂ ಸಾಲದಿದ್ದರೆ ಮಣಿಕಟ್ಟಿನಿಂದ ಬಾರ್‌ಗೆ ಸುತ್ತುವ ಸ್ಟ್ರ್ಯಾಪ್ ಕಟ್ಟಿ. ಒಂದು ಅಂಗೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮಾಡಿ ಹಿಡಿಯುವವರು ಅಂಗೈ ಮುಂದಕ್ಕಿರುವ ಕೈಯ ಮೊಣಕೈಯನ್ನು ಪೂರ್ತಿ ನೇರ ಇಡಲೇಬೇಕು. ಅದನ್ನು ಮಡಚಿ ಎಳೆದಾಗಲೇ ತೋಳಿನ ಬೈಸೆಪ್ಸ್ ಹರಿಯುವ ಅಪಾಯ ಹೆಚ್ಚು.